ಕೈಗೆ ಕೊಡದ ಚೂರಿ

ಸ್ನೇಹಿತರೇ, ಜೇಬಿನಲ್ಲಿಟ್ಟುಕೊಳ್ಳಲು ಒಂದು ಸಣ್ಣ ಮಡಚುವ ಚೂರಿ ಬೇಕೆಂದು ಇವತ್ತು ಬೆಳಿಗ್ಗೆ ಅಕ್ಕನ ಜೊತೆ ಕಾರ್ಕಳದ ಅಂಗಡಿಯೊಂದಕ್ಕೆ ಹೋಗಿದ್ದೆ. ಒಂದು ಚೂರಿ ಉಗುರು ಮುರಿಯದೆ ತೆರೆಯುವಂತಿರಲಿಲ್ಲ. ಇನ್ನೊಂದು ಎಷ್ಟು ಸಡಿಲವೆಂದರೆ ಜೇಬಿನಲ್ಲೇ ತೆರೆದುಕೊಂಡು ತೊಡೆಗೆ ಚುಚ್ಚೀತು. ಕೊನೆಗೆ ಮರದ ಹಿಡಿಯ, ತೆರೆದರೆ ಟಕ್ಕೆಂದು ಗಟ್ಟಿಯಾಗಿ ನಿಲ್ಲುವ ಒಂದು ಸಿಕ್ಕಿತು. ನೋಡು ಎಂದು ಚಾಚಿದರೆ ಅಕ್ಕ ಕೈ ಹಿಂದಕ್ಕೆಳೆದುಕೊಂಡಳು.

"ಚೂರಿ ಕೈಯಿಂದ ಕೈಗೆ ಕೊಡ್ಬಾರ್ದು ಮಾರಾಯ, ಜಗಳ ಆಗ್ತದೆ. ಕೆಳಗೆ ಇಡು, ನಾನು ತೆಗೀತೇನೆ."

ಅಂಗಡಿಯವರೂ ಹೌದೆಂದು ತಲೆಯಾಡಿಸಿದರು. ಮೇಜಿನ ಮೇಲಿಟ್ಟೆ. ಅವಳು ತೆಗೆದು ನೋಡಿ ಒಪ್ಪಿದ ಮೇಲೆ ದುಡ್ಡು ಕೊಟ್ಟು ಕೊಂಡೆ.

ಬಸ್ ನಿಲ್ದಾಣದಲ್ಲಿ ಅಕ್ಕ ಮಾವಿನಹಣ್ಣು ಕತ್ತರಿಸಲು ಚೂರಿ ಕೇಳಿದಳು. ಮತ್ತೆ ಅದೇ ಶಾಸ್ತ್ರ. ನಾನು ಚೂರಿಯನ್ನು ಬೆಂಚಿನ ಮೇಲಿಟ್ಟೆ, ಅವಳು ತೆಗೆದುಕೊಂಡಳು. ಹಣ್ಣು ಮುಗಿದ ಮೇಲೆ ಒರೆಸಿ, ಮಡಚಿ, ನನಗಾಗಿ ಬೆಂಚಿನ ಮೇಲೆಯೇ ಇಟ್ಟಳು. ಅಷ್ಟರಲ್ಲಿ ಉಡುಪಿ ಬಸ್ ಬಂತು. ಇಬ್ಬರೂ ಓಡಿ ಹತ್ತಿದೆವು.

ಹಿರಿಯಡ್ಕ ಬಂದಾಗ ಜೇಬು ಮುಟ್ಟಿ ನೋಡಿಕೊಂಡೆ. "ಅಕ್ಕಾ, ಚೂರಿ ಎಲ್ಲುಂಟು?"

"ನಿನ್ನ ಹತ್ರ ಇಲ್ವಾ? ನೀನು ತೆಗೆದಿ ಅಂತ ನಾನು ಗ್ರಹಿಸಿದ್ದು!"

"ಒಮ್ಮೆ ಕೈಗೆ ಕೊಟ್ಟಿದ್ರೆ ಎಂತ ಆಗ್ತಿತ್ತು?"

"ಎಂತ ಆಗ್ತಿತ್ತಾ? ಜಗಳ ಆಗ್ತಿತ್ತು!"

ಉಡುಪಿಯಲ್ಲಿ ಇಳಿದು ಬನ್ನಂಜೆಯ ಮನೆ ಸೇರುವವರೆಗೂ ನಮ್ಮ ಕೂಗಾಟ ನಿಲ್ಲಲಿಲ್ಲ. ಅಕ್ಕನ ಪ್ರಕಾರ ಅದು ಜಗಳವೇ ಅಲ್ಲ. ಚೂರಿಯನ್ನು ಯಾರೂ ಯಾರ ಕೈಗೂ ಕೊಟ್ಟಿರಲಿಲ್ಲವಲ್ಲ!