ಹೂಂ ಅನ್ನೋರಿಲ್ಲದ ಕಥೆ

ಹಾರನಹಳ್ಳಿಯ ಪುಟ್ಟಮಲ್ಲಮ್ಮನಿಗೆ ಕಥೆ ಹೇಳೋದು ಹೆಂಗೆ ಅಂತ ಕಲಿಸೋಕೆ ಹೊರಟಳು ಸೊಸೆ ಹೇಮಶ್ರೀ. ನಗಬೇಕೋ ಅಳಬೇಕೋ ನೀವೇ ಹೇಳಿ! ಹೊಗೆಸೊಪ್ಪು ಕಡ್ಡಿಗೆ ಕಟ್ಟೋ ಕಾಲದಲ್ಲಿ ಇಪ್ಪತ್ತು ಹೆಂಗಸರನ್ನ ಬೆಳಗಿಂದ ಸಂಜೆವರೆಗೂ ಅಲ್ಲಾಡದಂಗೆ ಕೂರಿಸಿದ ಬಾಯಿ ಅದು.

"ಅತ್ತೆ, ಮೊದಲ ಅರ್ಧ ನಿಮಿಷದಲ್ಲೇ ಜನರನ್ನ ಹಿಡೀಬೇಕು. ಕ್ಯಾಮೆರಾನೇ ನೋಡಿ. ನಡುವೆ ಸುಮ್ಮನಾಗ್ಬೇಡಿ," ಅಂದಳು ಹೇಮಶ್ರೀ, ಫೋನನ್ನು ರಾಗಿ ಡಬ್ಬಕ್ಕೆ ಒರಗಿಸಿ.

"ಹೂಂ ಅನ್ನೋರು ಯಾರವ್ವ?"

"ಕಾಮೆಂಟ್ ಹಾಕ್ತಾರೆ ಬುಡಿ."

ಪುಟ್ಟಮಲ್ಲಮ್ಮನ ತಲೆಗೆ ಒಂದೂ ಹತ್ತಲಿಲ್ಲ. ಆದರೂ ಫೋನಲ್ಲಿ ಲೈವ್ ಕಥೆ ಹೇಳೋಕೆ ಒಪ್ಪಿದ್ದು ಕೋಟೆ ಊರಲ್ಲಿರೋ ಅಕ್ಕ ಸೋಮಮ್ಮನಿಗೋಸ್ಕರ. ಚಿಕ್ಕಂದಿನಿಂದ ಇವಳ ಕಥೆಗೆಲ್ಲ ಹೂಂಗುಟ್ಟಿದವಳು ಆ ಅಕ್ಕ. ಈಗ ಲಕ್ವ ಹೊಡೆದು ಬಲಗೈಯೂ ಹೋಯ್ತು, ಮಾತೂ ಹೋಯ್ತು. ನೋಡೋಕೆ ಹೋದರೆ ಗೋಡೆ ಕಡೆ ತಿರುಗಿಬಿಡ್ತಾಳೆ. "ಅವ್ವಂಗೆ ಏನೂ ತಿಳಿಯಾಕಿಲ್ಲ ಚಿಕ್ಕವ್ವ," ಅಂತಾನೆ ಮಗ ಉಮಾಶಂಕರ. ನಿಜವಾಗ್ಲೂ ತಿಳಿಯಲ್ವಾ? ಪುಟ್ಟಮಲ್ಲಮ್ಮನ ಜೀವ ತಿನ್ನುತ್ತಿದ್ದದ್ದು ಅದೊಂದೇ. ಲೈವಲ್ಲಾದರೆ ಅಕ್ಕನ ಮುಖ ಯಾರಿಗೂ ಕಾಣಲ್ಲ, ಸಂಕೋಚವಿಲ್ಲದೆ ಕೇಳಬಹುದು ಅಂದುಕೊಂಡಳು. ಫೋನ್ ಹಿಡಿದು ತೋರಿಸ್ತೀನಿ ಅಂತ ಉಮಾಶಂಕರನೂ ಒಪ್ಪಿದ್ದ.

"ಒಂದೂರಲ್ಲಿ ಒಬ್ಬ ಗೌಡ. ಅವನಿಗೆ ಒಬ್ಬಳೇ ಮಗಳು," ಅಂದು ಪುಟ್ಟಮಲ್ಲಮ್ಮ ನಿಲ್ಲಿಸಿದಳು.

ಯಾರೂ ಹೂಂ ಅನ್ನಲಿಲ್ಲ. ಪರದೆಯ ಮೇಲೆ ಕೆಂಪು ಹೃದಯಗಳು ತೇಲಿ ಹೋದವು. ಹೇಮಶ್ರೀ ಮೆಲ್ಲಗೆ ಓದಿದಳು: "ಹಾಯ್ ಅಮ್ಮ." "ನೆಟ್ ಹೋಯ್ತಾ?" "ಟೊಮೊಟೊ ರೇಟ್ ಎಷ್ಟು?"

"ಇದೇನವ್ವ, ಸಂತೇಲಿ ಕೂತಂಗಾಯ್ತಲ್ಲ! ನಮ್ಮಕ್ಕ ಎಲ್ಲವ್ಳೆ ಇದ್ರೊಳಗೆ?"

"ಅತ್ತೆ, ಲೈವ್ ಹೋಗ್ತಾ ಇದೆ. ಮುಂದಕ್ಕೆ ಹೇಳಿ."

ನಲವತ್ತೊಂದು ಜನ ಇದ್ದದ್ದು ಹತ್ತೊಂಬತ್ತಕ್ಕೆ ಇಳಿಯಿತು. ಎದ್ದು ಹೋದವರಲ್ಲಿ ಅಕ್ಕನೂ ಇದ್ದಾಳಾ? ಕೇಳ್ತಿದ್ದಾಳಾ? ಗೋಡೆ ನೋಡ್ತಿದ್ದಾಳಾ? ಪುಟ್ಟಮಲ್ಲಮ್ಮನಿಗೆ ದಿಕ್ಕೇ ತೋಚಲಿಲ್ಲ. ಕಥೆ ಯಾರಿಗೆ ಹೇಳ್ತಿದ್ದೀನಿ ಅನ್ನೋದೇ ಮರೆತುಹೋಯ್ತು. ಹಾಳಾದ್ದು, ಕಣ್ಣಲ್ಲಿ ನೀರು ಬೇರೆ.

ಆಗ ಹೊಳೆಯಿತು ಹಳೇ ಸಂಗತಿ. ಈ ಕಥೇಲಿ ಹುಡುಗಿಗೆ ಏಳು ಜನ ಅಣ್ಣಂದಿರು. ಚಿಕ್ಕವಳಿದ್ದಾಗ ಪುಟ್ಟಮಲ್ಲಮ್ಮ ಯಾವಾಗಲೂ ಒಬ್ಬನನ್ನ ಬಿಟ್ಟು ಹೇಳೋಳು. ಅಕ್ಕ ನೆತ್ತಿಗೊಂದು ಮೊಟಕಿ, "ಏಳು ಕಣೇ ಪೆದ್ದಿ," ಅನ್ನೋಳು. ತಪ್ಪು ಹೇಳಿದರೆ ಸುಮ್ಮನಿರೋ ಜಾಯಮಾನವೇ ಅಲ್ಲ ಅಕ್ಕಂದು.

ಪುಟ್ಟಮಲ್ಲಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು, ಕ್ಯಾಮೆರಾ ನೋಡಿ, ಬೇಕಂತಲೇ ಗಟ್ಟಿಯಾಗಿ ಹೇಳಿದಳು: "ಆ ಹುಡುಗಿಗೆ ಆರು ಜನ ಅಣ್ಣಂದಿರು."

ಮತ್ತೆ ಅದೇ ಹೃದಯಗಳು. ಅವಳು ಇನ್ನೊಂದು ಸಲ ಅಂದಳು. "ಆರೇ ಜನ."

ಸ್ವಲ್ಪ ಹೊತ್ತು ಬಿಟ್ಟು ಹೇಮಶ್ರೀ ಹುಬ್ಬು ಗಂಟಿಕ್ಕಿದಳು. "ಉಮಾಶಂಕರ ಬಾವ ಏನೋ ಹಾಕವ್ರೆ, ಅತ್ತೆ. ಅವ್ವ ಹಾಸಿಗೆ ಗುದ್ದುತಾ ಅವ್ಳೆ, ಎಡಗೈಯ ಐದೂ ಬೆರಳು ತೋರಿಸ್ತಾಳೆ, ಮಡಚಿ ಎರಡು ತೋರಿಸ್ತಾಳೆ, ಮತ್ತೆ ಐದು, ಮತ್ತೆ ಎರಡು. ಸಿಟ್ಟು ಬಂದದೆ, ಯಾಕೋ ತಿಳೀತಿಲ್ಲ ಅಂತೆ."

ಪುಟ್ಟಮಲ್ಲಮ್ಮ ಅಷ್ಟೂ ಜನರ ಎದುರಿಗೇ ತನ್ನ ನೆತ್ತಿ ತಾನೇ ಮೊಟಕಿಕೊಂಡಳು.

"ಏಳು ಕಣಕ್ಕಾ, ಏಳು. ನಾನೇ ಪೆದ್ದಿ. ಹೂಂ, ಮುಂದಕ್ಕೆ ಕೇಳು."