ಮೂವತ್ತಮೂರರಲ್ಲಿ ಒಂಬತ್ತು

ಜೇಬಿಸ್ ಟ್ರೆನರಿ ತೀರಿಕೊಂಡಾಗ ಬ್ಯೂಟ್ ಎಂಬ ಗಣಿ ಪಟ್ಟಣದ ಪತ್ರಿಕೆಯೊಂದು ಅವರನ್ನು 'ಇಸ್ಪೀಟು ಮೇಜಿನ ಅದೃಷ್ಟವಂತ' ಎಂದು ಬಣ್ಣಿಸಿತು. ಇದು ತಪ್ಪು. ತಪ್ಪಷ್ಟೇ ಅಲ್ಲ, ಆ ಮನುಷ್ಯನಿಗೆ ಎಸಗಿದ ಅವಮಾನ. ಅದೃಷ್ಟ ಎಂಬ ಪದವನ್ನು ಅವರು ಬಾಯಿಗೆ ತಂದದ್ದನ್ನು ಆ ಮೇಜಿನ ಸುತ್ತ ಕೂತವರಲ್ಲಿ ಯಾರೂ ಕೇಳಿಲ್ಲ. ಮಿಲ್ಕಾ ರಾದಿಚ್ ಆ ಸಾಲನ್ನು ಎರಡು ಸಲ ಓದಿ, ಪತ್ರಿಕೆಯನ್ನು ಮಡಚಿ ಒಲೆಗೆ ಹಾಕಿದಳು. ನಡೆದದ್ದೇನೆಂದು ಅವಳಷ್ಟು ಖಚಿತವಾಗಿ ಬಲ್ಲವರು ಇರಲಿಲ್ಲ. ಎಲೆ ಹಂಚಿದವಳು ಅವಳೇ.

ಟ್ರೆನರಿ ಗಣಿಯಲ್ಲಿ ಜನರನ್ನು ಇಳಿಸಿ ಏರಿಸುವ ಪಂಜರದ ಯಂತ್ರ ನಡೆಸಿದವರು. ಅಷ್ಟು ಆಳದಿಂದ ಬರುವ ಗಂಟೆಯ ಸದ್ದೊಂದೇ ಅವರಿಗೆ ಆಧಾರ. ಮೂರು ಸಲ ಬಾರಿಸಿದರೆ ಒಳಗೆ ಮನುಷ್ಯರಿದ್ದಾರೆ, ಮೆಲ್ಲನೆ ಎಳೆಯಬೇಕು. ಒಂದು ಏಟನ್ನು ತಪ್ಪಿ ಎಣಿಸಿದರೆ ಹೆಣ ಬೀಳುತ್ತದೆ. ನಿವೃತ್ತಿಯಾಗುವವರೆಗೆ ಅವರು ತಪ್ಪಿ ಎಣಿಸಲಿಲ್ಲ. ಆಮೇಲೆ ಹೆಂಡತಿ ಲವ್‌ಡೇ ಸತ್ತಳು. ಗಣಿಯವರು ಬೆಟ್ಟವನ್ನೇ ಬಗೆದು ತೋಡಿದ ಮಹಾಗುಂಡಿ ಅವರ ಬೀದಿಯನ್ನು ಮನೆಗಳ ಸಮೇತ ನುಂಗಿತು. ಕೊನೆಗೆ ಅವರಿಗೆ ಉಳಿದದ್ದು ಬಾಡಿಗೆಯ ಒಂದು ಕೋಣೆ, ಮತ್ತು ಐನೋ ಲಾಹ್ತಿಯ ಬಾರಿನಲ್ಲಿ ಗುರುವಾರ ಮಧ್ಯಾಹ್ನ ಕಿಟಕಿಗೆ ಬೆನ್ನು ಹಾಕಿ ಕೂರುವ ಒಂದು ಕುರ್ಚಿ.

ಗಂಡ ಗಣಿಯ ದೂಳಿನಿಂದ ಶ್ವಾಸಕೋಶ ಕೆಟ್ಟು ಸತ್ತ ಮೇಲೆ ಮಿಲ್ಕಾ ಆ ಮೇಜಿಗೆ ಎಲೆ ಹಂಚಲು ಬಂದಳು. ಆಟ ಏಳೆಲೆಯ ಪೋಕರ್: ಒಬ್ಬೊಬ್ಬರಿಗೆ ಮೂರು ಎಲೆ ಮುಚ್ಚಿ, ನಾಲ್ಕು ಎಲೆ ಎಲ್ಲರಿಗೂ ಕಾಣುವಂತೆ ಬಿಚ್ಚಿ. ಆಟ ಬಿಟ್ಟವನ ಬಿಚ್ಚಿದ ಎಲೆಗಳನ್ನು ಕೂಡಲೇ ಮಗುಚಿ ತೆಗೆಯುತ್ತಾರೆ. ಹಾಗೆ ಹೋದ ಎಲೆಯ ಮಾತನ್ನು ಯಾರೂ ಎತ್ತುವಂತಿಲ್ಲ, ಹಂಚುವವಳಂತೂ ಎತ್ತಲೇಕೂಡದು. ನೆನಪಿಟ್ಟುಕೊಂಡವನು ಬದುಕುತ್ತಾನೆ.

"ಕೈಯಲ್ಲೇನಿದೆ ಅಂತ ಎಲ್ರೂ ನೋಡ್ಕೋತಾರೆ ಮಗಳೇ," ಎಂದು ಟ್ರೆನರಿ ಅವಳಿಗೆ ಮೊದಲ ವಾರವೇ ಹೇಳಿಕೊಟ್ಟಿದ್ದರು. "ನೀನು ಹೋದದ್ದನ್ನ ನೋಡು. ನಾನು ಕಾಯ್ತಿರೋ ಎಲೆ ಆಗ್ಲೇ ಹೋಗಿದ್ರೆ ನಾನು ಕಾಯೋದು ಯಾರಿಗೆ ಹೇಳು?"

ಆ ಅಕ್ಟೋಬರಿನ ಗುರುವಾರ ಮೇಜಿನ ಸುತ್ತ ಎಂಟು ಜನರಿದ್ದರು. ಆರು ಮಂದಿ ಆಟ ಬಿಟ್ಟರು. ಉಳಿದವರು ಟ್ರೆನರಿ ಮತ್ತು ಅವರ ಹಳೆಯ ಜೊತೆಗಾರ ಕಾನ್ ಹ್ಯಾರಿಗನ್. ಟ್ರೆನರಿಯ ಆರು ಎಲೆಗಳಲ್ಲಿ ನಾಲ್ಕು ಆಟೀನು. ಐದನೆಯ ಆಟೀನು ಬಂದರೆ ಒಂದೇ ಗುರುತಿನ ಐದೆಲೆ ಕೂಡಿ ಗೆಲುವು, ಬಾರದಿದ್ದರೆ ಏನೂ ಇಲ್ಲ. ಕಾನ್ ಪಣದ ಬಿಲ್ಲೆಗಳ ಒಂದು ಕಂಬವನ್ನೇ ನಡುವಿನ ರಾಶಿಗೆ ತಳ್ಳಿದ.

"ಬಿಟ್ಟು ಎದ್ದೋಗೋ ಮುದುಕ. ನಿನ್ನ ಮಾಂಸದ ಪೇಸ್ಟಿ ಕಡುಬು ತಣ್ಣಗಾಗ್ತಿದೆ."

"ನಿಮ್ಮ ಐರಿಷ್ ಬಾಯಿಗಿಂತ ನಮ್ಮ ಪೇಸ್ಟಿ ಬಿಸಿಯಾಗೇ ಇರತ್ತೆ," ಎನ್ನುತ್ತ ಟ್ರೆನರಿ ಅಷ್ಟೇ ಬಿಲ್ಲೆ ಮುಂದಿಟ್ಟರು.

ಮಿಲ್ಕಾ ಕೊನೆಯ ಎಲೆ ಕೊಟ್ಟಳು. ಆಟೀನು ರಾಣಿ.

ಬಾರಿಗೆ ಬಾರೇ ಕೂಗಿತು. ಲಾಹ್ತಿ ಕೌಂಟರಿನ ಹಿಂದಿನಿಂದ ಬಂದು ಟ್ರೆನರಿಯ ಬೆನ್ನು ತಟ್ಟಿ, "ಅದೃಷ್ಟ ಅಂದ್ರೆ ಇದು ನೋಡ್ರಪ್ಪಾ!" ಎಂದ.

"ಅದೆಲ್ಲಿಂದ ಬಂತು?" ಟ್ರೆನರಿಗೆ ರೇಗಿತು. "ಲೆಕ್ಕ ಮಾಡ್ರೋ. ಕಾಣದ ಎಲೆ ಮೂವತ್ತಮೂರು. ಅದ್ರಲ್ಲಿ ಆಟೀನು ಒಂಬತ್ತು. ಹನ್ನೊಂದಕ್ಕೆ ಮೂರು. ಅಷ್ಟು ದೊಡ್ಡ ರಾಶಿಗೆ ಅದು ನ್ಯಾಯವಾದ ಆಟ."

ಎಲೆ ಕೂಡಿಸುತ್ತಿದ್ದ ಮಿಲ್ಕಾಳ ಕೈ ಅಲ್ಲೇ ನಿಂತಿತು. ಮೂವತ್ತಮೂರು ಎಂಬುದು ಸರಿ. ಆದರೆ ಆಟ ಬಿಟ್ಟ ಆರು ಮಂದಿಯ ಬಿಚ್ಚಿದ ಎಲೆಗಳು ಒಂಬತ್ತು, ಅವುಗಳಲ್ಲಿ ಆರು ಆಟೀನು. ಅವನ್ನು ಅವಳೇ ಒಂದೊಂದಾಗಿ ಟ್ರೆನರಿಯ ಕಣ್ಣೆದುರಿಗೆ ಮಗುಚಿದ್ದಳು. ಉಳಿದದ್ದು ಒಂಬತ್ತಲ್ಲ, ಮೂರು. ಹನ್ನೊಂದಕ್ಕೆ ಒಂದು. ಅವರ ಲೆಕ್ಕ ಹಾಕುವ ಬುದ್ಧಿ ಹಾಗೆಯೇ ಇತ್ತು. ಕಂಡದ್ದು ಮಾತ್ರ ಒಳಗೆ ನಿಂತಿರಲಿಲ್ಲ. ಎಲ್ಲರೂ ನಗುತ್ತಿದ್ದ ಆ ಹೊತ್ತಿನಲ್ಲಿ ಅವಳು ಬಿಲ್ಲೆಗಳ ರಾಶಿಯನ್ನು ಟ್ರೆನರಿಯ ಮುಂದಕ್ಕೆ ಸರಿಸಿದಳು.

ಮುಂದಿನ ಗುರುವಾರಗಳಲ್ಲಿ ಆಟೀನು ಬರಲಿಲ್ಲ, ಕಳಾವರೂ ಬರಲಿಲ್ಲ. ಹೋದ ಎಲೆಗಳಿಗಾಗಿ ಟ್ರೆನರಿ ಕೊನೆಯವರೆಗೂ ಕಾಯುತ್ತಿದ್ದರು. ಗುಂಡಿಯಲ್ಲಿ ಲಾರಿ ಓಡಿಸುವ ಇಬ್ಬರು ಹೊಸಬರಿಗೆ ಇದರ ವಾಸನೆ ಬಡಿಯಿತು. ಅವರು ಮುಂಚಿತವಾಗಿ ಬಂದು ಟ್ರೆನರಿಯ ಅಕ್ಕಪಕ್ಕದ ಕುರ್ಚಿ ಹಿಡಿಯತೊಡಗಿದರು. ಹಿರಿಯನೊಬ್ಬನ ಮರೆವನ್ನು ಸುಲಿದು ತಿನ್ನುವುದಕ್ಕೆ ಆಟ ಎಂಬ ಹೆಸರು ಸಲ್ಲುವುದಿಲ್ಲ.

"ಇನ್ಮೇಲೆ ಬರ್ಬೇಡಿ ಅಂತ ಟ್ರೆನರಿಗೆ ಹೇಳ್ಬಿಡ್ತೀನಿ," ಎಂದ ಲಾಹ್ತಿ. "ನಂಗೇನು ಖುಷಿನಾ? ಈ ಸುಲಿಗೆ ನೋಡಕ್ಕಾಗಲ್ಲ."

"ಆ ಕುರ್ಚಿ ಕಿತ್ಕೊಂಡ್ರೆ ಅವ್ರು ಎಲ್ಲಿಗೆ ಹೋಗ್ಬೇಕು?" ಎಂದಳು ಮಿಲ್ಕಾ.

ಅವಳು ಕಾನ್ ಬಳಿಗೆ ಹೋದಳು. "ಹ್ಯಾರಿಗನ್ ಅವ್ರೇ, ಆಡಬಾರದ ಮಾತು ಆಡ್ತಿದೀನಿ. ಆವತ್ತು ಹೋದ ಎಲೆಗಳಲ್ಲಿ..."

"ಆರು," ಎಂದ ಕಾನ್, ಗ್ಲಾಸಿನಿಂದ ಕಣ್ಣೆತ್ತದೆ. "ನಾನೂ ಎಣಿಸಿದ್ದೆ. ಅದಕ್ಕೇ ಅಷ್ಟೊಂದು ತಳ್ಳಿದ್ದು. ಎಣ್ಸೋದನ್ನ ನಂಗೆ ಕಲಿಸ್ದೋನು ಯಾರು ಅನ್ಕೊಂಡೆ?"

ಮಿಲ್ಕಾ ಕುರ್ಚಿ ಎಳೆದು ಅವನೆದುರು ಕೂತಳು. ತನ್ನ ಯೋಚನೆ ಹೇಳಿದಳು. ಮುಂದಿನ ವಾರ ಕಾನ್ ಮೇಜಿಗೆ ಬಂದವನೇ ಕಣ್ಣುಜ್ಜಿಕೊಂಡು ಗೊಣಗಿದ: "ಆಚೆ ಕಡೆ ಬಿಚ್ಚಿದ ಎಲೆ ನಂಗೆ ಕಾಣಿಸ್ತಿಲ್ಲ ಕಣ್ರೋ. ಅಪ್ಪಂದಿರು ಆಡ್ತಿದ್ದ ಐದೆಲೆ ಆಟಾನೇ ಆಡೋಣ. ಎಲ್ಲಾ ಮುಚ್ಚಿ, ಬೇಡದ್ದು ಕೊಟ್ಟು, ಬೇರೆ ತಗೊಳೋದು."

"ಕಣ್ಣು ಹೋಯ್ತಾ? ಮುಂದೆ ಹಲ್ಲು," ಎಂದು ಟ್ರೆನರಿ ನಕ್ಕರು. ಲಾರಿಯವರು ಗುರ್ರೆಂದರು. ಬಾಗಿಲು ತೆರೆದೇ ಇದೆ ಎಂದ ಲಾಹ್ತಿ.

ಐದೆಲೆಯ ಆಟದಲ್ಲಿ ಯಾರ ಎಲೆಯೂ ಕಾಣುವುದಿಲ್ಲ. ಆದ್ದರಿಂದ ನೆನಪಿಡಬೇಕಾದದ್ದೂ ಇಲ್ಲ. ನಾಲ್ಕು ಆಟೀನು ಹಿಡಿದು ಒಂದೆಲೆ ಬದಲಿಸುವವನ ಲೆಕ್ಕ ಎಂದಿಗೂ ಒಂದೇ: ಕಾಣದ್ದು ನಲವತ್ತೇಳು, ಅದರಲ್ಲಿ ಒಂಬತ್ತು. ಯೌವನದಲ್ಲಿ ಕಲಿತ ಆ ಅಂಕಿ ಟ್ರೆನರಿಯ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು. ಆ ಚಳಿಗಾಲವೆಲ್ಲ ಅವರು ಹಳೆಯ ಟ್ರೆನರಿಯಂತೆ ಆಡಿದರು. ರಾಶಿ ಸಣ್ಣದಿದ್ದರೆ ನಾಲ್ಕು ಆಟೀನನ್ನೂ ನಿರ್ದಾಕ್ಷಿಣ್ಯವಾಗಿ ಕೆಳಗಿಟ್ಟರು. ಯಾರಾದರೂ ಲೆಕ್ಕ ನೋಡದೆ ಹುರುಪಿನಿಂದ ಬಿಲ್ಲೆ ತಳ್ಳಿದರೆ ಗದರಿದರು. ಹೊಸ ವರ್ಷ ಕಳೆದ ಮೇಲೆ ಮಿಲ್ಕಾಳ ಹೆಸರು ಮರೆತರು. ಆಮೇಲೆ ಎಲ್ಲರನ್ನೂ 'ಮಗಳೇ' 'ಮಗನೇ' ಎಂದೇ ಕರೆದು ನಿಭಾಯಿಸಿದರು.

ಮಾರ್ಚ್ ತಿಂಗಳಲ್ಲಿ ಹಿಮ ಕರಗಿ ಬೀದಿಯೆಲ್ಲ ಕೆಸರಾಗಿದ್ದ ಒಂದು ಗುರುವಾರ, ಟ್ರೆನರಿ ಒಂದು ಎಲೆ ಕೆಳಗಿಟ್ಟು ಬೆರಳೆತ್ತಿದರು.

"ಒಂದು ಕೊಡು ಮಗಳೇ. ನಲವತ್ತೇಳರಲ್ಲಿ ಒಂಬತ್ತು. ರಾಶಿ ದೊಡ್ಡದಿದೆ, ನ್ಯಾಯವೇ."

ಅವಳು ಎಲೆಯನ್ನು ಮುಖ ಕೆಳಗಾಗಿ ಜಾರಿಸಿದಳು. ಟ್ರೆನರಿ ಅದನ್ನು ಎತ್ತಲಿಲ್ಲ. ತಲೆ ಓರೆ ಮಾಡಿ, ಯಾವುದೋ ಗಂಟೆ ಕೇಳಿಸಿದಂತೆ ಕೂತರು. ಆಮೇಲೆ ಕೈಯಲ್ಲಿದ್ದ ನಾಲ್ಕು ಎಲೆಗಳನ್ನು ಅಚ್ಚುಕಟ್ಟಾಗಿ ಬೋರಲಿಟ್ಟು ಎದ್ದರು.

"ಹೊತ್ತಾಯ್ತು. ಲವ್‌ಡೇ ಕಾಯ್ತಿರ್ತಾಳೆ. ಅವಳನ್ನ ಕಾಯಿಸಿದ್ರೆ ನಂಗೆ ಉಳಿಗಾಲ ಇಲ್ಲ."

ಅವರು ಹೋಗಬೇಕೆಂದಿದ್ದ ಬೀದಿ ಇದ್ದ ಜಾಗದಲ್ಲಿ ಈಗ ಬೇಲಿ, ಬೇಲಿಯಾಚೆ ಗಾಳಿ. ಕಾನ್ ತನ್ನ ಎಲೆಗಳನ್ನು ಬಿಸಾಡಿ ಎದ್ದು, ಅವರ ಕೋಟನ್ನು ಬಿಡಿಸಿ ಹಿಡಿದ.

"ನಡಿಯೋ, ನಾನೂ ಅದೇ ಕಡೆ ಬರ್ತೀನಿ. ಒಬ್ಬನಿಗೇ ಮಾಡಿರ್ತಾಳೋ, ನಂಗೂ ಏನಾದ್ರೂ ಇರತ್ತೋ?"

"ನಿನ್ನಂಥ ಹೊಟ್ಟೆಬಾಕನಿಗೆ ಅವಳು ಯಾವತ್ತು ಇಲ್ಲ ಅಂದಿದಾಳೆ?"

ಇಬ್ಬರೂ ಕೈ ಹಿಡಿದು ಕೆಸರಿನಲ್ಲಿ ಇಳಿದು ಹೋದರು. ಟ್ರೆನರಿ ಮತ್ತೆ ಆ ಕುರ್ಚಿಗೆ ಬರಲಿಲ್ಲ.

ಮೇಜಿನ ಮೇಲೆ ಆ ಎಲೆ ಹಾಗೆಯೇ ಬೋರಲಾಗಿ ಬಿದ್ದಿತ್ತು. ಲಾಹ್ತಿ ಬಾಗಿ ಬೆರಳು ಚಾಚಿದ. "ಬಂದಿತ್ತಾ ಅಂತ ಒಂದ್ಸಲ ನೋಡ್ಬಿಡೋಣ ಕಣಮ್ಮಾ."

ಮಿಲ್ಕಾ ಅವನ ಕೈಯನ್ನು ಫಟ್ಟನೆ ಸರಿಸಿದಳು. "ಅವ್ರ ಎಲೆ ಅದು. ಅವ್ರು ನೋಡಿಲ್ಲ."

ಐದನ್ನೂ ಬೋರಲಾಗಿಯೇ ಕೂಡಿಸಿ ಕಟ್ಟಿನೊಳಗೆ ಸೇರಿಸಿದಳು, ಕಲಸಿದಳು. ಕಲಸುತ್ತಲೇ ಇದ್ದಳು. ಸಾಕು ಹಂಚು ಎಂದು ಯಾರೂ ಹೇಳಲಿಲ್ಲ.