ಎಡಚಿಯರ ಸಾಲು

ನಮ್ಮ ಕಡೆಯ ವಿಶ್ವವಿದ್ಯಾಲಯದ ಗ್ರಂಥಾಲಯದ ಎದುರು ನಾನು ಮಾಡಿದ ಮೊಸಾಯಿಕ್ ಚಿತ್ರವೊಂದಿದೆ. ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಚೆನ್ನಾಗಿದೆ. ಅರಿಶಿನದ ಹೊಲದಲ್ಲಿ ಹೆಂಗಸರು ಸಾಲಾಗಿ ಕೂತು ಕಸ ತೆಗೆಯುತ್ತಿದ್ದಾರೆ. ಸೀರೆಯ ಮೇಲೆ ಗಂಡಂದಿರ ಹಳೆಯ ಅಂಗಿ, ತಲೆಗೆ ಟವೆಲ್, ಕೈಯಲ್ಲಿ ಕುರ್ಪಿ. ಗೋಕಾಕದ ಟೈಲ್ಸ್ ಅಂಗಡಿಗಳ ಹಿತ್ತಲಲ್ಲಿ ಬಿದ್ದಿದ್ದ ಚೂರುಗಳು, ಮೂಡಲಗಿಯಲ್ಲಿ ಕೆಡವಿದ ಯಾರದೋ ಬಚ್ಚಲಿನ ಹಸಿರು ಟೈಲ್ಸು, ಬೆಲ್ಲದ ಬಾಗೇವಾಡಿಯ ನನ್ನ ವಿದ್ಯಾರ್ಥಿನಿಯೊಬ್ಬಳು ಮನೆಯಿಂದ ತಂದ ಒಡೆದ ಕಪ್ಪು-ಬಸಿ, ಎಲ್ಲವೂ ಅದರಲ್ಲಿವೆ.

ಆ ಹೆಂಗಸರನ್ನು ನಾನು ಎಲ್ಲಿಂದಲೋ ಹುಡುಕಿ ತರಬೇಕಾಗಿರಲಿಲ್ಲ. ತುಕ್ಕಾನಟ್ಟಿಯಲ್ಲಿ ನನ್ನ ಅವ್ವ ಅವರ ಜೊತೆ ಕೂಲಿ ಮಾಡಿಯೇ ನನಗೆ ಚಿತ್ರಕಲೆ ಓದಿಸಿದಳು. ಅವ್ವ ಎಡಚಿ. ಸಾಲಿನ ನಡುವೆ ಕೂತರೆ ಅವಳ ಎಡಗೈಯ ಕುರ್ಪಿಯೂ ಪಕ್ಕದವಳ ಬಲಗೈಯ ಕುರ್ಪಿಯೂ ಒಂದಕ್ಕೊಂದು ತಾಗುತ್ತಿದ್ದವು. ಹಾಗಾಗಿ ಯಾರ ಹೊಲಕ್ಕೆ ಹೋದರೂ ಅವಳಿಗೆ ಎಡತುದಿಯ ಸಾಲು, ಬದುವಿನ ಪಕ್ಕದ್ದು. ಅಲ್ಲಿ ಕರಿಕೆ ಹುಲ್ಲು ಹೆಚ್ಚು, ಕಿತ್ತಷ್ಟೂ ಮುಗಿಯುವುದಿಲ್ಲ. ಉಳಿದವರು ಹರಟುತ್ತಾ ಮುಂದೆ ಹೋದರೆ ಇವಳು ಒಬ್ಬಳೇ ಹಿಂದೆ ಉಳಿದು ಬೈಸಿಕೊಳ್ಳುತ್ತಿದ್ದಳು.

ಚಿತ್ರದಲ್ಲಾದರೂ ಅವಳನ್ನು ನಡುವೆ ಕೂರಿಸಬೇಕು ಎಂದು ನನಗೆ ಹಟ. ನಡುವೆ ಕೂತವಳು ಎಡಗೈಯಲ್ಲಿ ಕುರ್ಪಿ ಹಿಡಿದರೆ ಹೊಲ ಕಂಡವರು ನಗುತ್ತಾರೆ. ಮನಸ್ಸಿಲ್ಲದ ಮನಸ್ಸಿನಿಂದ ಅವ್ವನ ಕುರ್ಪಿಯನ್ನು ಬಲಗೈಗೆ ಕೊಟ್ಟು ಬರೆದೆ.

ಇಂಥ ದೊಡ್ಡ ಮೊಸಾಯಿಕ್ ಚಿತ್ರವನ್ನು ನಾವು ನೇರವಾಗಿ ಗೋಡೆಯ ಮೇಲೆ ಕೂಡಿಸುವುದಿಲ್ಲ. ಕಾಗದದ ಮೇಲೆ ಚಿತ್ರ ಬರೆದು, ಚೂರುಗಳ ಬಣ್ಣದ ಮುಖ ಕೆಳಗೆ ಮಾಡಿ ಮೈದಾ ಅಂಟಿನಿಂದ ಅಂಟಿಸುತ್ತೇವೆ. ಆ ಹಾಳೆಗಳನ್ನು ಗೋಡೆಯ ಹಸಿ ಸಿಮೆಂಟಿಗೆ ಒತ್ತಿ, ಗಟ್ಟಿಯಾದ ಮೇಲೆ ನೀರು ಹಾಕಿ ಕಾಗದ ಸುಲಿಯುತ್ತೇವೆ. ಆಗ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲಾಗಿರುತ್ತದೆ. ಆದ್ದರಿಂದ ಕಾಗದದ ಮೇಲೆ ಮೊದಲೇ ತಿರುಗಿಸಿ ಬರೆದುಕೊಳ್ಳಬೇಕು. ಇದನ್ನು ವಿದ್ಯಾರ್ಥಿಗಳಿಗೆ ತಲೆ ಚಿಟ್ಟು ಹಿಡಿಯುವಷ್ಟು ಹೇಳಿದವಳು ನಾನೇ. ತಿರುಗಿಸಿದ ಚಿತ್ರವನ್ನೂ ಬರೆದಿಟ್ಟಿದ್ದೆ. ಆದರೆ ಚಿತ್ರ ಒಪ್ಪಬೇಕಾದ ವಿಶ್ವವಿದ್ಯಾಲಯದ ಸಮಿತಿಯವರಿಗೆ ತೋರಿಸಲೆಂದು ಹಾಸಿದ್ದ ನೇರ ಚಿತ್ರ ನಮ್ಮ ಕೆಲಸದ ಕೋಣೆಯಲ್ಲಿ ಹಾಗೇ ಬಿದ್ದಿತ್ತು. ಅವರು ಒಪ್ಪಿದ ಹುಮ್ಮಸ್ಸಿನಲ್ಲಿ ನಾವೆಲ್ಲ ಅದರ ಮೇಲೆಯೇ ಅಂಟಿಸಲು ಕೂತುಬಿಟ್ಟೆವು.

ಗೋಡೆಯ ಮೇಲೆ ಕಾಗದ ಸುಲಿದ ದಿನ ಬಣ್ಣ ನೋಡಿ ಕುಣಿಯುವುದೊಂದು ಬಾಕಿ. ಕಟ್ಟಡದ ಉಸ್ತುವಾರಿಯ ಅಧಿಕಾರಿ ಬಂದು ಸ್ವಲ್ಪ ಹೊತ್ತು ನೋಡಿದರು. "ಮೇಡಮ್ಮರ, ಎಲ್ಲಾರೂ ಎಡಗೈಲೇ ಕಸಾ ತಗಿಯಾಕತ್ತಾರಲ್ರಿ?"

ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ಸಾಲಿಗೆ ಸಾಲೇ ಎಡಚಿಯರು. ಅಧಿಕಾರಿ ಹೇಳಿದ್ದು ಒಂದೇ ಮಾತು: ಎಡಗೈ ಶುಭವಲ್ಲ, ಉದ್ಘಾಟನೆಗೆ ಮೊದಲು ಕೈಗಳನ್ನಷ್ಟೇ ಕೆತ್ತಿ ಸರಿಮಾಡಿ. ಕೈಯಷ್ಟನ್ನೇ ಕೆತ್ತಿದರೆ ಆಗುವುದಿಲ್ಲ, ಹೆಗಲು ಬಾಗಿದ್ದೂ ಕುತ್ತಿಗೆ ಹೊರಳಿದ್ದೂ ಆ ಕೈಯ ಕಡೆಗೇ. ಇಡೀ ಚಿತ್ರವೇ ಹೋಗುತ್ತದೆ. ನನ್ನ ಮೇಲೆ ನನಗೇ ಸಿಟ್ಟು. ಆ ಸಿಟ್ಟಿನಲ್ಲಿ ಊಟ ಬಿಟ್ಟೆ, ಹುಡುಗರ ಮೇಲೆ ಹರಿಹಾಯ್ದೆ, ಕೊನೆಗೆ ಉಳಿ-ಸುತ್ತಿಗೆ ತರಿಸಿದೆ.

ಅಷ್ಟರಲ್ಲಿ ಅವ್ವ ಬಂದಳು. ಮರುದಿನದ ಉದ್ಘಾಟನೆಗೆಂದು ಬುದ್ಧವಿಹಾರಕ್ಕೆ ಪ್ರಾರ್ಥನೆಗೆ ಹೋಗುವಾಗ ಉಡುವ ಬಿಳಿ ಸೀರೆಯನ್ನು ಚೀಲದಲ್ಲಿ ತಂದಿದ್ದಳು. ಚೀಲ ಕೆಳಗಿಟ್ಟು, ಗೋಡೆಯ ಹತ್ತಿರ ಹೋಗಿ, ಚಿತ್ರದ ಒಬ್ಬೊಬ್ಬರ ಕೈಯನ್ನೂ ಮುಟ್ಟುತ್ತಾ ಬಂದಳು. ನಡುವಿನವಳ ಹತ್ತಿರ ನಿಂತಳು. ನಾನು ಆಗಿದ್ದೆಲ್ಲ ಹೇಳಿ, ಒಡೆಯಬೇಕು ಅಂದೆ.

"ನಾ ಎಡಚಿ ಅಂತ ಹೇಳಿ ಜೀವಮಾನ ಎಲ್ಲಾ ಬದುವಿನ ಸಾಲ ಹಿಡದೆ," ಅಂದಳು. "ನೀ ಗುಂಪಿಗೆ ಗುಂಪನ್ನ ಎಡಚಿ ಮಾಡಿ ನನ್ನ ನಡುವ ಕುಂದ್ರಿಸಿದಿ. ನೋಡಿಲ್ಲೆ, ಹಿಂಗ ಕುಂತ್ರ ಯಾರ ಕುರ್ಪಿನೂ ಯಾರಿಗೂ ತಾಗಂಗಿಲ್ಲ. ಇದನ್ನ ಒಡಿಯಾಕ ಹೊಂಟೀಯೇನ?"

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಉಳಿ-ಸುತ್ತಿಗೆಯನ್ನು ವಾಪಸು ಕಳಿಸಿದೆ. ಅಧಿಕಾರಿಗೆ ಫೋನ್ ಮಾಡಿ, ಚಿತ್ರ ಇದ್ದ ಹಾಗೇ ಇರುತ್ತದೆ, ಒಡೆಯುವುದಾದರೆ ನೀವೇ ಬಂದು ನನ್ನ ಅವ್ವನ ಎದುರು ಒಡೆಯಿರಿ ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಸಂಜೆ ಸಮಿತಿಯವರು ಬಂದರು. ಅವ್ವನ ಮಾತನ್ನು ಅವರಿಗೂ ಹೇಳಿದೆ. ಒಬ್ಬರು ಗೊಣಗಿದರು, ಉಳಿದವರು ಮತ್ತೊಮ್ಮೆ ಗೋಡೆ ನೋಡಿ ಇರಲಿ ಬಿಡಿ ಅಂದರು. ಪರದೆ ಎಳೆಯಲು ಅವ್ವನನ್ನೇ ಕರೆಯೋಣ ಅಂದವರೂ ಅವರೇ.

ಮರುದಿನ ಅವ್ವ ಬಿಳಿ ಸೀರೆ ಉಟ್ಟು ವಿದ್ಯಾರ್ಥಿಗಳ, ಪ್ರಾಧ್ಯಾಪಕರ ಮುಂದೆ ನಿಂತಳು. ಅಂಗಡಿಯಲ್ಲಿ ದುಡ್ಡು ಕೊಡುವಾಗ, ಆರತಕ್ಷತೆಯಲ್ಲಿ ಉಡುಗೊರೆ ಕೊಡುವಾಗ, ಮಂದಿಯ ಎದುರು ಅವಳು ಯಾವಾಗಲೂ ನೆನಪಿಟ್ಟು ಬಲಗೈಯನ್ನೇ ಮುಂದೆ ಮಾಡುವವಳು. ಅಂದೂ ಬಲಗೈ ಎತ್ತಿದಳು. ಆಮೇಲೆ ನನ್ನ ಕಡೆ ಒಮ್ಮೆ ನೋಡಿ ಅದನ್ನು ಇಳಿಸಿದಳು, ಎಡಗೈಯಿಂದ ಹಗ್ಗ ಹಿಡಿದು ಎಳೆದಳು.